ಮಗನ ಮನೆ, ಬ್ಯಾಂಕಿನ ಫಾರಂ: ಸಹಿ ಹಾಕಬಹುದೇ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ಮಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮನೆ ಕೊಳ್ಳುವಾಗ ಮೈಸೂರಿನ ನಿವೇಶನ ಮಾರಿದ ಹಣವನ್ನು ಕೊಟ್ಟೆ. ಆಗಿನಿಂದ ಅಲ್ಲೇ ಇದ್ದೇನೆ. ನೋಂದಣಿ ಅವನೊಬ್ಬನ ಹೆಸರಿನಲ್ಲಿದೆ. ಈಗ ವ್ಯಾಪಾರಕ್ಕೆಂದು ಮನೆ ಅಡವಿಟ್ಟು ಸಾಲ ತೆಗೆಯುತ್ತಿದ್ದಾನೆ. ಬ್ಯಾಂಕ್ ನನ್ನ ಸಹಿಗಾಗಿಯೂ ಒಂದು ಫಾರಂ ಕಳುಹಿಸಿದೆ. ‘ಸುಮ್ಮನೆ ಹಾಕಮ್ಮ’ ಎನ್ನುತ್ತಾನೆ. ಹಾಕಲೇ?

ಉತ್ತರ: ಅಮ್ಮ, ದಯವಿಟ್ಟು ಈಗಲೇ ಹಾಕಬೇಡಿ. ‘ಈ ಮನೆಯಲ್ಲಿ ನನಗೆ ಯಾವ ಹಕ್ಕಿದ್ದರೂ ಅದು ಬ್ಯಾಂಕಿನ ಹಕ್ಕಿನ ನಂತರ’ ಎಂಬರ್ಥದ ವಾಕ್ಯ ಆ ಫಾರಂನಲ್ಲಿ ಸಾಮಾನ್ಯವಾಗಿ ಇರುತ್ತದೆ. ಕಂತು ನಿಂತ ದಿನ ಬ್ಯಾಂಕ್ ಅದನ್ನೇ ಮುಂದಿಡುತ್ತದೆ.

ಬ್ಯಾಂಕುಗಳಿಗೆ ಈ ಎಚ್ಚರ ಬಂದದ್ದು 1980ರ ಬೋಲಂಡ್ ಪ್ರಕರಣದಿಂದ. ಗಂಡನೊಬ್ಬನ ಹೆಸರಿನಲ್ಲಿದ್ದ ಮನೆಗೆ ಹೆಂಡತಿಯೂ ಹಣ ಹಾಕಿದ್ದರು. ವ್ಯಾಪಾರದ ಸಾಲಕ್ಕೆ ಗಂಡ ಅದನ್ನು ಅಡವಿಟ್ಟಾಗ ಬ್ಯಾಂಕ್ ಆಕೆಯನ್ನು ಒಂದು ಮಾತೂ ಕೇಳಲಿಲ್ಲ. ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಆಕೆಯ ಪರವಾಗಿ ತೀರ್ಪು ನೀಡಿತು: ಮನೆಯಲ್ಲಿ ಪಾಲೂ ವಾಸವೂ ಎರಡೂ ಇದ್ದರೆ, ನೋಂದಣಿಯಲ್ಲಿ ಹೆಸರಿಲ್ಲದಿದ್ದರೂ ಬ್ಯಾಂಕ್ ಆ ಹಕ್ಕಿಗೆ ತಲೆಬಾಗಬೇಕು. 2002ರ ಭೂ ನೋಂದಣಿ ಕಾಯ್ದೆಯ 3ನೇ ಅನುಸೂಚಿಯಲ್ಲಿ ಈ ರಕ್ಷಣೆ ಈಗಲೂ ಇದೆ. ಆದರೆ ಬ್ಯಾಂಕ್ ವಿಚಾರಿಸಿದಾಗ ಹಕ್ಕನ್ನು ಮುಚ್ಚಿಟ್ಟರೆ ಅದು ಕೈತಪ್ಪಬಹುದು.

ಬರೀ ವಾಸ ಸಾಲದು. ಹಣ ಕೊಟ್ಟಾಗ ‘ಇದು ಉಡುಗೊರೆ, ನನಗೆ ಪಾಲು ಬೇಡ’ ಎಂಬ ಪತ್ರಕ್ಕೆ ಸಹಿ ಹಾಕಿದ್ದೀರಾ? ಖರೀದಿಗೆ ಸಾಲ ಕೊಡುವವರು ಇದನ್ನು ಕೇಳುವುದು ವಾಡಿಕೆ. ಅದಿದ್ದರೆ ನಿಮ್ಮ ವಾದ ಬಹಳ ದುರ್ಬಲ.

ಮತ್ತೊಂದು ಪ್ರಶ್ನೆ: ಅಂಥ ಪತ್ರ ಕೊಟ್ಟಿಲ್ಲ. ಈಗ ಸೊಸೆಯ ಹೆಸರನ್ನೂ ಸೇರಿಸಿ, ಇಬ್ಬರೂ ಕೂಡಿ ಸಾಲ ತೆಗೆಯುತ್ತಾರಂತೆ. ಅದರಿಂದ ನನಗೇನಾದರೂ ತೊಂದರೆಯೇ?

ಉತ್ತರ: ದೊಡ್ಡ ತೊಂದರೆ. ಇಂಗ್ಲೆಂಡಿನ ಇನ್ನೊಂದು ಪ್ರಕರಣ ನೋಡಿ. ಫ್ಲೆಗ್ ದಂಪತಿ ತಮ್ಮ ಮನೆ ಮಾರಿ, 34,000 ಪೌಂಡಿನ ಬೇರೊಂದು ಮನೆಗೆ 18,000 ಕೊಟ್ಟು ಅಲ್ಲೇ ವಾಸವಾಗಿದ್ದರು. ನೋಂದಣಿ ಮಗಳು, ಅಳಿಯ ಇಬ್ಬರ ಹೆಸರಿನಲ್ಲಿತ್ತು. ಅವರು ಹಿರಿಯರಿಗೆ ಹೇಳದೆಯೇ ಮನೆಯನ್ನು ಅಡವಿಟ್ಟರು. 1987ರಲ್ಲಿ ಲಾರ್ಡ್ಸ್ ಸಾಲ ಕೊಟ್ಟವರ ಪರವಾಗಿ ತೀರ್ಪಿತ್ತಿತು. ಬೋಲಂಡ್ ಪ್ರಕರಣದಲ್ಲಿ ನೋಂದಣಿ ಒಬ್ಬನ ಹೆಸರಿನಲ್ಲಿತ್ತು, ಇಲ್ಲಿ ಇಬ್ಬರದು; ವ್ಯತ್ಯಾಸ ಅದೇ. ನೋಂದಣಿಯಲ್ಲಿರುವ ಇಬ್ಬರ ಕೈಗೆ ಸಾಲದ ಹಣ ಸಂದರೆ, ಉಳಿದವರ ಪಾಲು ಮನೆಯಿಂದ ಕಳಚಿ ಆ ಹಣಕ್ಕೆ ಅಂಟಿಕೊಳ್ಳುತ್ತದೆ. ಹಣ ಕರಗಿದರೆ ಪಾಲೂ ಕರಗಿದಂತೆ. ಅರ್ಧಕ್ಕಿಂತ ಹೆಚ್ಚು ಕೊಟ್ಟವರಿಗೆ ಈ ಗತಿ ಬಂದದ್ದು ಅನ್ಯಾಯವೆಂದೇ ನನ್ನ ಭಾವನೆ, ಆದರೆ ಇಂದಿಗೂ ಕಾನೂನು ಅದೇ.

ಆದ್ದರಿಂದ ಸೊಸೆಯ ಹೆಸರು ಸೇರುವುದಾದರೆ ನಿಮ್ಮ ಹೆಸರೂ ಸೇರಲಿ. ಮಗ ಅದಕ್ಕೆ ಒಪ್ಪದಿದ್ದರೆ, ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಅಡಮಾನ ನೋಂದಾಯಿಸಬಾರದೆಂಬ ನಿರ್ಬಂಧವನ್ನಾದರೂ ಲ್ಯಾಂಡ್ ರಿಜಿಸ್ಟ್ರಿಯಲ್ಲಿ (ಭೂ ನೋಂದಣಿ ಕಚೇರಿ) ದಾಖಲಿಸಲು ಕೇಳಿ. ಮಗನ ಸಾಲಿಸಿಟರ್ (ಆಸ್ತಿ ವ್ಯವಹಾರ ನೋಡುವ ವಕೀಲ) ಬಳಿ ಹೋಗಬೇಡಿ, ನಿಮ್ಮ ಪರವಾಗಿಯೇ ಒಬ್ಬರನ್ನು ನೇಮಿಸಿಕೊಳ್ಳಿ. ಹೋಗುವಾಗ ನಿವೇಶನದ ಕ್ರಯಪತ್ರ, ಹಣ ರವಾನಿಸಿದ ಬ್ಯಾಂಕ್ ರಸೀದಿ, ಸಹಿಯಿಲ್ಲದ ಆ ಫಾರಂ, ಮೂರನ್ನೂ ಜೊತೆಗೆ ಒಯ್ಯಿರಿ.