ಕರೆದರೆ ಓಗೊಡದವರಿಗೆ ಮಿದುಳು-ಕಂಪ್ಯೂಟರ್ ಸಂಪರ್ಕ ನೆರವಾದೀತೇ?

ವಿನಾಯಕ ಹೆಗಡೆ, ಶಿರಸಿ:
ದೇವಿಮನೆ ಘಟ್ಟದಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ನಮ್ಮ ನೆಂಟರ ಹುಡುಗ ಕಣ್ಣು ಬಿಡುತ್ತಾನೆ, ಆದರೆ ಕರೆದರೆ ಓಗೊಡುವುದಿಲ್ಲ. ಇಂಥವರ ಮಿದುಳಿನ ಚಟುವಟಿಕೆಯನ್ನು ಯಂತ್ರದಿಂದ ಓದಿ ನೇರವಾಗಿ ಉತ್ತರ ಪಡೆಯುವ, ಮಿದುಳು-ಕಂಪ್ಯೂಟರ್ ಸಂಪರ್ಕವೆಂಬ ತಂತ್ರವಿದೆ. 2006ರಲ್ಲಿ ನರವಿಜ್ಞಾನಿ ಏಡ್ರಿಯನ್ ಓವೆನ್ ಅವರ ತಂಡವು, ಪ್ರಜ್ಞೆಯಿಲ್ಲವೆಂದೇ ನಿರ್ಧರಿಸಲಾಗಿದ್ದ ಯುವತಿಯೊಬ್ಬಳಿಗೆ ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಲು ಹೇಳಿದಾಗ, ಆರೋಗ್ಯವಂತರಲ್ಲಿ ಚುರುಕಾಗುವ ಭಾಗವೇ ಅವಳ ಮಿದುಳಿನಲ್ಲೂ ಚುರುಕಾದದ್ದು ಸ್ಕ್ಯಾನಿನಲ್ಲಿ ಕಂಡಿತು. 2010ರಲ್ಲಿ ಇನ್ನೊಬ್ಬ ರೋಗಿ, ‘ಹೌದು’ ಎನ್ನಲು ಟೆನಿಸನ್ನೂ ‘ಅಲ್ಲ’ ಎನ್ನಲು ಮನೆಯೊಳಗಿನ ಓಡಾಟವನ್ನೂ ನೆನೆದು, ಆರು ಪ್ರಶ್ನೆಗಳಲ್ಲಿ ಐದಕ್ಕೆ ಸರಿಯುತ್ತರ ಕೊಟ್ಟ. ಇದು ನಮ್ಮವರಿಗೂ ಸಿಗಬೇಡವೇ?

ರಮಾಕಾಂತ ನಾಯಕ, ಅಂಕೋಲಾ:
ಹೆಗಡೆಯವರೇ, 2010ರ ಆ ಅಧ್ಯಯನದಲ್ಲಿದ್ದವರು 54 ರೋಗಿಗಳು. ಹೇಳಿದಂತೆ ಕಲ್ಪಿಸಿಕೊಳ್ಳಬಲ್ಲವರಾಗಿ ಕಂಡವರು ಐವರು ಮಾತ್ರ. ತಲೆಗೆ ಪೆಟ್ಟಾದವರನ್ನು ಮಣಿಪಾಲಕ್ಕೋ ಹುಬ್ಬಳ್ಳಿಗೋ ಒಯ್ಯುವ ಜಿಲ್ಲೆ ನಮ್ಮದು. ಮೊದಲು ಒಳ್ಳೆಯ ಆಸ್ಪತ್ರೆಯಾಗಲಿ, ಸ್ಕ್ಯಾನಿನ ಮಾತು ಆಮೇಲೆ.

ಶಾಲಿನಿ, ಕಾರವಾರ (ನಿವೃತ್ತ ನರ್ಸ್):
ಯಂತ್ರಕ್ಕಿಂತ ಮುಂಚೆ ಹಾಸಿಗೆಯ ಪಕ್ಕದ ಪರೀಕ್ಷೆ ಸರಿಯಾಗಿ ಆಗಿದೆಯೇ ಎಂದು ಕೇಳಿ. ಪ್ರಜ್ಞೆಯಿಲ್ಲವೆಂದು ವೈದ್ಯರ ತಂಡ ಒಮ್ಮತದಿಂದ ಹೇಳಿದ್ದ ರೋಗಿಗಳಲ್ಲಿ ಸುಮಾರು 40%ರಷ್ಟು ಜನರಿಗೆ ಅರಿವಿನ ಲಕ್ಷಣಗಳಿದ್ದವೆಂಬುದು, ಕ್ರಮಬದ್ಧ ಅಳತೆಗೋಲಿನಿಂದ ಪರೀಕ್ಷಿಸಿದಾಗ 2009ರಲ್ಲಿ ಕಂಡುಬಂತು. ಅದರಲ್ಲಿ ಬಳಸುವ ಒಂದು ಸಾಧನ ಕೈಗನ್ನಡಿ. ರೋಗಿಯ ಮುಖದ ಮುಂದೆ ಹಿಡಿದು ನಿಧಾನವಾಗಿ ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಸರಿಸಬೇಕು. ವೈದ್ಯರ ಬೆರಳನ್ನು ಹಿಂಬಾಲಿಸದ ಕಣ್ಣು ಎಷ್ಟೋ ಸಲ ತನ್ನದೇ ಮುಖವನ್ನು ಹಿಂಬಾಲಿಸುತ್ತದೆ. ಫಿಟ್ಸ್ ಮಾತ್ರೆಯ ಮಂಪರಿನಲ್ಲೋ ಜ್ವರದಲ್ಲೋ ಇರುವಾಗ ಒಮ್ಮೆ ನೋಡಿ ತೀರ್ಪು ಕೊಡುವಂತಿಲ್ಲ.

ವಿನಾಯಕ ಹೆಗಡೆ:
ಶಾಲಿನಿಯವರೇ, ಒಪ್ಪಿದೆ. ಆದರೆ ಹಾಸಿಗೆಯ ಪಕ್ಕದಲ್ಲಿ ಹೇಳಿದ್ದಕ್ಕೆ ಯಾವ ಪ್ರತಿಕ್ರಿಯೆಯನ್ನೂ ತೋರದ 241 ಜನರಲ್ಲಿ 60 ಜನರ ಮಿದುಳು ಸ್ಕ್ಯಾನಿನಲ್ಲೋ ಇಇಜಿಯಲ್ಲೋ (ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಪರೀಕ್ಷೆ) ಸ್ಪಂದಿಸಿತೆಂದು 2024ರ ಅಧ್ಯಯನ ಹೇಳುತ್ತದೆ. ನಾಲ್ವರಲ್ಲಿ ಒಬ್ಬರನ್ನು ಕೈಗನ್ನಡಿ ಹಿಡಿದು ಕಾಣಲಾಗದು. ಇಇಜಿಯಂತೂ ತಲೆಗೆ ತಂತಿಯ ಟೋಪಿ ಹಾಕಿ ಹಾಸಿಗೆಯಲ್ಲೇ ಮಾಡುವಂಥದ್ದು.

ರಮಾಕಾಂತ ನಾಯಕ:
ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನೂ ನೋಡಿ. ಕಣ್ಣೆದುರೇ ಹೇಳಿದಂತೆ ಮಾಡಬಲ್ಲ 112 ಜನರಲ್ಲಿ ಯಂತ್ರದಲ್ಲಿ ಸ್ಪಂದನ ಕಂಡದ್ದು 38% ಜನರಲ್ಲಿ ಮಾತ್ರ. ನನ್ನ ಭಯ ಇರುವುದು ಇಲ್ಲಿಯೇ. ಲಕ್ಷಗಟ್ಟಲೆ ಸಾಲ ಮಾಡಿ ಪರೀಕ್ಷೆ ಮಾಡಿಸಿ, ‘ಏನೂ ಕಾಣಲಿಲ್ಲ’ ಎಂಬ ವರದಿ ಬಂದರೆ, ಅರಿವೇ ಇಲ್ಲವೆಂದು ಸಾಬೀತಾಯಿತೆಂದುಕೊಂಡು ಮನೆಯವರು ಆರೈಕೆಯನ್ನೇ ಸಡಿಲಬಿಡುತ್ತಾರೆ.

ಗಣಪತಿ ಭಟ್ಟ, ಹೊನ್ನಾವರ:
ಉತ್ತರ ಬಂದರೂ ತೊಡಕಿದೆ. ನೋವಿದೆಯೇ ಎಂದು ಕೇಳಬಹುದು, ಕೇಳಲೇಬೇಕು. ಚಿಕಿತ್ಸೆ ನಿಲ್ಲಿಸಬೇಕೇ ಎಂದು ಕೇಳಿ, ಆರರಲ್ಲಿ ಒಂದು ಉತ್ತರ ಕೈಕೊಡಬಹುದಾದ ಯಂತ್ರದ ಮಾತಿಗೆ ಯಾರು ಸಹಿ ಹಾಕುತ್ತಾರೆ?

ಶಾಲಿನಿ:
ಭಟ್ಟರೇ, ಆ ಪ್ರಶ್ನೆ ಬಹಳ ಮುಂದಿನದು. ಹೆಗಡೆಯವರೇ, ಹಾಸಿಗೆಯ ಪಕ್ಕದ ಪರೀಕ್ಷೆಯನ್ನು ಎರಡು ವಾರದೊಳಗೆ ಕನಿಷ್ಠ ಐದು ಸಲ, ಬೇರೆ ಬೇರೆ ಹೊತ್ತಿನಲ್ಲಿ ಮಾಡಿಸಿ. ಅಲ್ಲಿಯವರೆಗೆ ಹುಡುಗನ ಎದುರು ಅವನ ಬಗ್ಗೆ ಕೆಟ್ಟದ್ದನ್ನು ಯಾರೂ ಆಡದಂತೆ ನೋಡಿಕೊಳ್ಳಿ.