ಅಪ್‌ಡೇಟ್: ಶಿಕ್ಷೆ ಆದ ಮೇಲೆ ನಮ್ಮ ಹಕ್ಕು ಏನು ಅಂತ ಕೇಳಿದ್ದೆ
ಅಕ್ಕನ ಮೇಲೆ ಹಲ್ಲೆ ಮಾಡಿದವನಿಗೆ ಶಿಕ್ಷೆ ಆಯ್ತು, ಇನ್ನು ನಾವು ಏನಾದರೂ ಕೇಳಬಹುದಾ ಅಂತ ಮೂರು ವಾರದ ಹಿಂದೆ ಕೇಳಿದ್ದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಂದವರ ಮಾತೇ ಕೈಹಿಡಿಯಿತು. ಹೆಂಗಸರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಆ ವಕೀಲರು ತೀರ್ಪಿನ ಕೊನೆಯ ಪುಟ ತೆಗೆದು, ಪರಿಹಾರದ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತೋರಿಸಿದರು. ಆ ಮೊತ್ತ ಕಮ್ಮಿ ಅನ್ನಿಸಿದರೆ ನೊಂದವರೇ ಮೇಲ್ಮನವಿ ಹಾಕಬಹುದು. ಇದು ಕ್ರಿಮಿನಲ್ ಕೇಸು ನಡೆಸುವ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 413ನೇ ಸೆಕ್ಷನ್, ಹಳೇ ಕಾನೂನಾದ ಸಿಆರ್‌ಪಿಸಿಯಲ್ಲಿ 372. ನಾವು ಹಾಕಿದ್ದೇವೆ.

ಶಿಕ್ಷೆ ಜಾಸ್ತಿ ಮಾಡಿಸಿ ಅನ್ನುವ ಸಲಹೆ ನಡೆಯಲಿಲ್ಲ. ಆ ಮೇಲ್ಮನವಿ ಸರ್ಕಾರವೇ ಹಾಕಬೇಕು.

ಅವನು ಮೇಲಿನ ಕೋರ್ಟಿಗೆ ಹೋದರೂ ನಮ್ಮ ಮಾತನ್ನು ಕೇಳಬೇಕು, 2022ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಇದು ಗೊತ್ತೇ ಇರಲಿಲ್ಲ. ಆ ದಿನ ಅಕ್ಕ ಎಷ್ಟೋ ತಿಂಗಳ ಮೇಲೆ ನೆಮ್ಮದಿಯಾಗಿ ಮಲಗಿದಳು.