ನಾನು ಕೊಟ್ಟ ಕೆಂಪು ಪೆನ್ನು: ತಪ್ಪಿನಲ್ಲಿ ನನ್ನ ಪಾಲೆಷ್ಟು?

ಕೆಂಪುಶಾಯಿ:

17 ವರ್ಷದಿಂದ ಭೌತಶಾಸ್ತ್ರ ಪಾಠ ಮಾಡುತ್ತಿದ್ದೇನೆ. ನೋಟ್ಸ್ ಬರೆಸುವುದಿಲ್ಲ. ವರ್ಷದ ಮೊದಲ ದಿನ ಎಲ್ಲರ ಕೈಗೂ ಒಂದೊಂದು ಕೆಂಪು ಪೆನ್ನು ಕೊಟ್ಟು, "ಪುಸ್ತಕದಲ್ಲಿ ತಪ್ಪು ಕಂಡರೆ ಗೆರೆ ಎಳೆಯಿರಿ" ಅನ್ನುತ್ತೇನೆ. ನನ್ನ ಮಾತಲ್ಲೇ ತಪ್ಪು ಹಿಡಿದರೆ ಇನ್ನೂ ಒಳ್ಳೆಯದು. ಮೊದಲ ವಾರ ಮಕ್ಕಳು ಪೆನ್ನಿನ ಮುಚ್ಚಳ ತೆಗೆಯಲೂ ಹೆದರುತ್ತಾರೆ. ಆಮೇಲೆ ಅವರನ್ನು ತಡೆಯೋಕೆ ಆಗಲ್ಲ.

ಈ ಸಲ ವಾರ್ಷಿಕ ಪರೀಕ್ಷೆಯಲ್ಲಿ ಐದು ಅಂಕದ ಒಂದು ಪ್ರಶ್ನೆ ಬಂತು. ವಿಮಾನದ ರೆಕ್ಕೆಯ ಮೇಲೆ ಹೋಗುವ ಗಾಳಿ, ಕೆಳಗೆ ಹೋಗುವ ಗಾಳಿ ಎರಡೂ ಒಂದೇ ಹೊತ್ತಿಗೆ ಹಿಂದಿನ ಅಂಚು ಮುಟ್ಟುತ್ತವೆ, ಮೇಲಿನ ದಾರಿ ಉದ್ದ, ಅದಕ್ಕೇ ಅಲ್ಲಿ ವೇಗ ಜಾಸ್ತಿ. ಇದರಿಂದ ವಿಮಾನ ಮೇಲೇರುವುದನ್ನು ವಿವರಿಸಿ ಅಂತ. ಪುಸ್ತಕದಿಂದ ಪುಸ್ತಕಕ್ಕೆ ನಡೆದು ಬಂದಿರುವ ತಪ್ಪು ಇದು. ಮೇಲಿನ ಗಾಳಿ ಕೆಳಗಿನದ್ದಕ್ಕೆ ಕಾಯುವುದಿಲ್ಲ, ಮೊದಲೇ ತಲುಪಿಬಿಡುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಅದನ್ನೇ ಹಿಡಿದು ನಾಲ್ಕು ಪುಟ ಬರೆದಳು. ಚಪ್ಪಟೆ ರೆಕ್ಕೆಯ ಕಾಗದದ ವಿಮಾನ ಹೇಗೆ ಹಾರುತ್ತದೆ, ಮಗುಚಿಕೊಂಡು ಹಾರುವ ವಿಮಾನ ಯಾಕೆ ಬೀಳುವುದಿಲ್ಲ, ರೆಕ್ಕೆ ಗಾಳಿಯನ್ನು ಕೆಳಕ್ಕೆ ತಿರುಗಿಸುವುದಕ್ಕೆ ಬಾಣ ಹಾಕಿದ ಚಿತ್ರ. ಎಲ್ಲ ಸರಿ. ಅಷ್ಟರಲ್ಲಿ 40 ನಿಮಿಷ ಹೋಗಿತ್ತು. 18 ಅಂಕದ ಪ್ರಶ್ನೆಗಳನ್ನು ಮುಟ್ಟಲೇ ಇಲ್ಲ. ಬೇಕಾಗಿದ್ದ ಸೀಟು ಆರು ಅಂಕದಲ್ಲಿ ತಪ್ಪಿತು.

ಉತ್ತರಪತ್ರಿಕೆಯ ನಕಲು ತರಿಸಿ ಓದಿದೆ. ಹೇಳೋಕೆ ನಾಚಿಕೆ, ಮೊದಲು ನನಗೆ ಆದದ್ದು ಖುಷಿ. ಆ ನಾಲ್ಕು ಪುಟ ಎರಡು ಸಲ ಓದಿದ ಮೇಲೇ ಅಂಕದ ಕಡೆ ಕಣ್ಣು ಹೋದದ್ದು.

ಅವಳ ಅಮ್ಮ ಬಂದಿದ್ದರು. ಬೈಯಲಿಲ್ಲ. ಪೆನ್ನನ್ನು ಮೇಜಿನ ಮೇಲಿಟ್ಟು, "ಇದು ನಿಮ್ಮದೇ ಅಲ್ವಾ ಸರ್" ಅಂದು ಹೊರಟರು. ಮುಂದಿನ ವರ್ಷ ಪೆನ್ನು ಕೊಡಲೋ ಬೇಡವೋ?

ಹಿಂದಿನಬೆಂಚು:

ಸರ್, ನಿಮ್ಮಂಥವರ ಕೈಯಲ್ಲಿ ಕಲಿತವನು ನಾನು. ನಮ್ಮ ಮೇಷ್ಟ್ರು ಅಂಕ ಅಂದರೆ ಬರೀ ಸಂಖ್ಯೆ ಅನ್ನುತ್ತಿದ್ದರು. ನಾವು ಮೂವರು ಅದನ್ನು ನಂಬಿ ಓದು ಬಿಟ್ಟೆವು. ಒಬ್ಬನಿಗೆ ಅಪ್ಪನ ವ್ಯಾಪಾರ ಇತ್ತು, ಅವನಿಗೇನೂ ಆಗಲಿಲ್ಲ. ನಾನು ಒಂದು ವರ್ಷ ಮನೆಯಲ್ಲಿ ಕೂತೆ. ತುಂಬ ದಿನದ ಮೇಲೆ ಮೇಷ್ಟ್ರು ಸಿಕ್ಕಿದಾಗ, ಪಕ್ಕದಲ್ಲಿದ್ದವರಿಗೆ "ಇವನು ಧೈರ್ಯವಂತ, ಖಾಲಿ ಪೇಪರ್ ಕೊಟ್ಟು ಬಂದವನು" ಅಂತ ಹೇಳಿ ನಕ್ಕರು. ಅವರಿಗೆ ಅದೊಂದು ಕಥೆ. ಆ ವರ್ಷ ಪೂರ್ತಿ ಅವರಿಗೆ ಸಂಬಳ ತಪ್ಪಿರಲಿಲ್ಲ.

ಸಿಟ್ಟು ಈಗ ಇಲ್ಲ, ಅವರಿಂದ ಕಲಿತದ್ದೂ ಬಹಳ. ಆದರೆ ಇದಕ್ಕೆ ಏನು ಬೆಲೆ ತೆರಬೇಕಾಗುತ್ತೆ ಅಂತ ಅವರು ಒಂದು ಮಾತು ಹೇಳಬಹುದಿತ್ತು.

ಹಳೇನಕ್ಷೆ:

ಇತಿಹಾಸ ಓದುವವಳು, ಅಲ್ಲಿಂದಲೇ ಹೇಳುತ್ತೇನೆ. ಹೆನ್ರಿ ಡೆರೋಜಿಯೊ 1826ರಲ್ಲಿ ಕಲ್ಕತ್ತಾದ ಹಿಂದೂ ಕಾಲೇಜಿಗೆ ಮೇಷ್ಟ್ರಾಗಿ ಬಂದಾಗ ಅವರಿಗೇ 17. ಯಾವುದನ್ನೂ ಪ್ರಶ್ನಿಸದೆ ಒಪ್ಪಬೇಡಿ ಅಂತ ಹುಡುಗರಿಗೆ ಕಲಿಸಿದರು. ಊರೆಲ್ಲ ಗದ್ದಲ. 1831ರಲ್ಲಿ ಕೆಲಸ ಬಿಡಬೇಕಾಯಿತು, ಅದೇ ಡಿಸೆಂಬರ್‌ನಲ್ಲಿ ತೀರಿಕೊಂಡರು. ಹೆತ್ತವರ ಮಾತು ಮೀರಲು ಹೇಳಿಕೊಡುತ್ತಾರೆ ಅನ್ನುವುದು ಅವರ ಮೇಲಿದ್ದ ದೂರುಗಳಲ್ಲಿ ಒಂದು. ಅದಕ್ಕೆ ಅವರು ಬರೆದ ಉತ್ತರ ನನಗೆ ಇಷ್ಟ. ಒಬ್ಬ ವಿದ್ಯಾರ್ಥಿ ಅಪ್ಪನ ಕಾಟ ತಾಳದೆ ಮನೆ ಬಿಡುತ್ತೇನೆ ಅಂತ ಬಂದಿದ್ದ. ಅವನು ಹೇಳುವುದು ನಿಜ ಅಂತ ಗೊತ್ತಿದ್ದೂ ಡೆರೋಜಿಯೊ ಅವನನ್ನು ತಡೆದಿದ್ದರು. ಅಷ್ಟು ಬೆಂಕಿಯಂಥ ಮೇಷ್ಟ್ರು, ಈ ಹುಡುಗ ಮಾತ್ರ ಈಗ ಬೀದಿಗೆ ಬೀಳಬಾರದು ಅಂತ ಲೆಕ್ಕ ಹಾಕಿದ್ದರು ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ತುದಿಯಲ್ಲಿ ರಾನ್ ಜೋನ್ಸ್ ಅನ್ನುವ ಅಮೆರಿಕದ ಮೇಷ್ಟ್ರು. 1967ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ, ನಾಜಿಗಳ ಹಿಂದೆ ಜನ ಹೇಗೆ ಹೋದರು ಅಂತ ತೋರಿಸಲು ತರಗತಿಯಲ್ಲೇ ಶಿಸ್ತಿನ ಒಂದು ಚಳವಳಿ ಶುರು ಮಾಡಿದರು. ಬೇರೆ ತರಗತಿಯ ಮಕ್ಕಳೂ ಬಂದು ಸೇರಿಕೊಂಡರು. ಅದು ಕೈಮೀರುತ್ತಿದೆ ಅನ್ನಿಸಿ ಐದನೇ ದಿನಕ್ಕೆ ನಿಲ್ಲಿಸಿದರು. ನಿಲ್ಲಿಸುವುದು ಹೇಗೆ ಅಂತ ಮೊದಲೇ ಯೋಚಿಸಿದ್ದರೋ ಇಲ್ಲವೋ ಅನ್ನುವುದು ನನ್ನ ತಕರಾರು.

ಗಂಟುಬಿಚ್ಚು:

ಎಲ್ಲ ತಪ್ಪನ್ನೂ ನೀವೇ ಹೊತ್ತುಕೊಂಡರೆ ಅವಳ ಪಾಲಿಗೆ ಏನು ಉಳಿಯಿತು? ಆ ನಾಲ್ಕು ಪುಟ ಅವಳದ್ದು. ಸುಮ್ನೆ ಇಲ್ಲಿ ನಮ್ಮನ್ನು ಕೇಳುವ ಬದಲು ಅವಳನ್ನೇ ಕೇಳಿದ್ದೀರಾ?

ಕೆಂಪುಶಾಯಿ:

ಕೇಳಿರಲಿಲ್ಲ. ಮೊನ್ನೆ ಹೋಗಿ ಕೇಳಿದೆ.

ಅವಳೇನೋ ಬಂಡಾಯ ಎದ್ದಿದ್ದಳು ಅಂತ ನಾನು ಅಂದುಕೊಂಡಿದ್ದೆ. ಹಾಗೇನೂ ಇರಲಿಲ್ಲ. "ಬರೆಯುವಾಗ ನೀವೇ ಓದುತ್ತೀರಿ ಅನ್ನೋ ಹಾಗೇ ಇತ್ತು ಸರ್" ಅಂದಳು. ತಿದ್ದುವವರು ಬೇರೆ ಅಂತ ಗೊತ್ತು, ಆದರೂ ಕಣ್ಣ ಮುಂದೆ ಇದ್ದದ್ದು ನಾನಂತೆ. ಇದನ್ನು ಕೇಳಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಪುಸ್ತಕವನ್ನು ನಂಬಬೇಡ ಅಂತ ಕಲಿಸಿ, ಆ ಜಾಗದಲ್ಲಿ ನಾನೇ ಹೋಗಿ ಕೂತಿದ್ದೆ.

ಮರುಪರೀಕ್ಷೆ ಇದೆ. ಅವಳ ಅಮ್ಮನ ಹತ್ತಿರ ಮಾತಾಡಿದೆ, ಒಪ್ಪಿದರು, ಆದರೆ ನನ್ನ ಮುಖ ನೋಡಲಿಲ್ಲ. ನಿನ್ನೆ ಬೆಳಿಗ್ಗೆ ಹಳೇ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಇಟ್ಟುಕೊಂಡು ಬರೆಸಿದೆ. ಅದರಲ್ಲೂ ಒಂದು ಪ್ರಶ್ನೆ ತಪ್ಪಿತ್ತು, ಬೇಕೆಂದೇ ಅದನ್ನು ಆರಿಸಿದ್ದೆ. ಅಲ್ಲಿಗೆ ಬಂದಾಗ ಪೆನ್ನು ನಿಂತಿತು. ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣದೊಂದು ಚುಕ್ಕೆ ಇಟ್ಟು, ಪರೀಕ್ಷಕರಿಗೆ ಬೇಕಾದ ಉತ್ತರ ಬರೆದು ಪುಟ ತಿರುಗಿಸಿದಳು. ಹತ್ತು ನಿಮಿಷ ಉಳಿಯಿತು. ಪೇಪರ್ ನನ್ನ ಕಡೆ ತಳ್ಳಿ ಆ ಚುಕ್ಕೆಯ ಮೇಲೆ ಬೆರಳಿಟ್ಟು ಕೇಳಿದಳು, "ಈಗ ಹೇಳ್ಲಾ ಸರ್?"